ಕುಸ್ತಿ ಮೈದಾನದ ಕೆಂಪು ಮಣ್ಣು

ಸುತ್ತಲೂ ಜನ ಕೂತು ನೋಡಬೇಕು, ನಡುವಿನ ತಗ್ಗಿನಲ್ಲಿ ಕುಸ್ತಿ ನಡೆಯಬೇಕು, ಅಂಥದೊಂದು ದುಂಡನೆಯ ಮೈದಾನ ಕಟ್ಟಿಕೊಡಿ ಎಂದು ಸಮಿತಿಯವರು ಕರೆಸಿದಾಗ ನಾನು ಕೇಳಿದ ಮೊದಲ ಮಾತು ನೆಲ ಎಂಥದು ಎಂದು. ಅವರು ನೆಲದ ವಿಷಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದರು. ಬಾಗಿಲಿನ ಕಮಾನು ಹೇಗಿರಬೇಕು, ಅದರ ಮೇಲೆ ಯಾರ ಯಾರ ಹೆಸರು ಕೆತ್ತಬೇಕು, ಉದ್ಘಾಟನೆಯ ದಿನ ದೊಡ್ಡವರ ಕುರ್ಚಿ ಯಾವ ಕಡೆ ಹಾಕಬೇಕು, ಇದೆಲ್ಲ ಅವರಲ್ಲಿ ಆಗಲೇ ತೀರ್ಮಾನವಾಗಿತ್ತು. ಓವರ್‌ಸಿಯರ್ ಕೆಲಸದಲ್ಲಿ ಇಂಥವರನ್ನು ನಾನು ಬಹಳ ನೋಡಿದ್ದೇನೆ. ಗೋಡೆ ಬಿರುಕು ಬಿಟ್ಟ ಮೇಲೆಯೇ ಅವರು ನೆಲದ ಕಡೆ ನೋಡುವುದು.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಊರು ನಿಪ್ಪಾಣಿಯಿಂದ ಚಿಕ್ಕೋಡಿಗೆ ಬರುವ ದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ, ಅಲ್ಲಿನ ಮಂದಿ ಇನ್ನೂ ಇದ್ದಾರೆ. ಸುತ್ತೆಲ್ಲ ತಂಬಾಕಿನ ಹೊಲ, ಊರೊಳಗೆ ಒಣ ತಂಬಾಕು ಕೂಡಿಡುವ ವಖಾರಗಳು. ಹೊರಗಿನಿಂದ ಬಂದವನಿಗೆ ಮೊದಲ ದಿನ ಸೀನು ನಿಲ್ಲುವುದಿಲ್ಲ. ವಾರ ಕಳೆಯುವುದರೊಳಗೆ ಮೂಗಿಗೆ ಆ ವಾಸನೆಯ ಪರಿವೆಯೇ ಇರುವುದಿಲ್ಲ. ಅಥಣಿ ಕಡೆಯವನಾದ ನನಗೂ ಹಾಗೆಯೇ ಆಯಿತು. ಗಡಿಯಾಚೆ ಕೊಲ್ಲಾಪುರದಲ್ಲಿ ತಗ್ಗಿನ ಮೈದಾನ ಇದೆ, ನಮ್ಮೂರಲ್ಲಿ ಯಾಕಿರಬಾರದು ಎಂಬುದು ಊರವರ ಹಟವಾಗಿತ್ತು.

ದಸರೆ ಮುಗಿದ ಮೇಲೆ ಕೆಲಸ ಹಿಡಿದೆವು. ನಡುವೆ ಕಬ್ಬಿಣದ ಗೂಟ ಹೊಡೆದು, ಅದಕ್ಕೆ ತಂತಿ ಕಟ್ಟಿ, ತಂತಿಯ ತುದಿ ಹಿಡಿದು ಸುಣ್ಣ ಹಾಕುತ್ತ ಸುತ್ತು ಬಂದರೆ ಅದು ಅಖಾಡದ ಅಂಚು. ಇಲ್ಲಿ ಹಗ್ಗ ಬಳಸಬಾರದು, ಎಳೆದರೆ ಹಿಗ್ಗುತ್ತದೆ, ದುಂಡು ಕೆಡುತ್ತದೆ. ಅಲ್ಲಿಂದ ಹೊರಕ್ಕೆ ತಂತಿ ಉದ್ದ ಮಾಡುತ್ತ ಹೋದಂತೆ ಜನ ಕೂರುವ ಪಾವಟಿಗೆಗಳು. ಪಾವಟಿಗೆಯ ಎತ್ತರ ಎಷ್ಟಿರಬೇಕು ಎಂಬ ಲೆಕ್ಕ ಪುಸ್ತಕದಲ್ಲಿ ಇದೆ, ಆದರೆ ಆ ಕಡೆಯ ಹಿರಿಯರು ತಲೆಗೆ ಸುತ್ತುವ ಪಟಗದ ಲೆಕ್ಕ ಪುಸ್ತಕದಲ್ಲಿಲ್ಲ. ದೊಡ್ಡ ಪಟಗ ಸುತ್ತಿದ ಒಬ್ಬ ಅಜ್ಜನನ್ನು ಇಟ್ಟಿಗೆಯ ಮೇಲೆ ಕೂರಿಸಿ, ನಾನು ಹಿಂದೆ ಕೂತು, ನಡುವಿನ ಗೂಟ ಪೂರ್ತಿ ಕಾಣುವವರೆಗೆ ನನ್ನ ಕೆಳಗೆ ಇಟ್ಟಿಗೆ ಏರಿಸಿಕೊಂಡೆ. ಅದೇ ಅಳತೆಗೆ ಎಲ್ಲ ಪಾವಟಿಗೆ ಕಟ್ಟಿಸಿದೆ. ಅಜ್ಜ ಇಳಿಯುವಾಗ, "ಕುಸ್ತಿ ಯಾವಾಗ ಸುರು ಆಗತೈತ್ರಿ?" ಎಂದು ಕೇಳಿದ.

ತೊಂದರೆ ಬಂದದ್ದು ಪಡುವಣ ಭಾಗದಲ್ಲಿ. ಮೂಡಣ ಅರ್ಧ ಗಟ್ಟಿ ಗರಸು, ಪಡುವಣ ಅರ್ಧ ಎರೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ದೀಪಾವಳಿಯ ಹೊತ್ತಿಗೆ ಒಂದು ಮಳೆ ಬಿದ್ದು ಆ ಕಡೆಯ ಗೋಡೆ ಹೊಟ್ಟೆ ಬಂದಂತೆ ಮುಂದಕ್ಕೆ ಬಾಗಿತು. ಅದನ್ನು ಬಿಚ್ಚಿಸಿದೆ. ಹಿಂದಿನ ಎರೆಯನ್ನು ತೆಗೆಸಿ ಗರಸು ತುಂಬಿಸಿ ದಮ್ಮಸು ಹೊಡೆಸಿ ಗಟ್ಟಿ ಮಾಡಿಸಿದೆ, ಗೋಡೆಯಲ್ಲಿ ನೀರು ಹೊರಬರಲು ತೂತು ಬಿಡಿಸಿದೆ, ಅಖಾಡದ ಸುತ್ತ ಕಲ್ಲು ತುಂಬಿದ ಕಾಲುವೆ ತೋಡಿ ಹಳ್ಳಕ್ಕೆ ಸೇರಿಸಿದೆ. ಸಮಿತಿಯ ಅಧ್ಯಕ್ಷರು ದಿನಾ ಬಂದು, "ಇನ್ನೂ ಅಲ್ಲೇ ಅದೀರೇನ್ರಿ?" ಎಂದು ಕೇಳಿ ಹೋಗುವರು. ಅವರಿಗೆ ಉದ್ಘಾಟನೆಯ ಅವಸರ. ಉತ್ತರ ಕೊಡುವುದನ್ನು ನಾನು ಬಿಟ್ಟುಬಿಟ್ಟೆ.

ಅಖಾಡದ ಮಣ್ಣು ಮಾತ್ರ ನನ್ನ ಕೈಯದಲ್ಲ. ಅದು ವಸ್ತಾದರದು. ವಸ್ತಾದ ಎಂದರೆ ಕುಸ್ತಿ ಕಲಿಸುವ ಗುರು. ಈ ವಸ್ತಾದರು ಅರವತ್ತು ದಾಟಿದ ಆಸಾಮಿ, ಕಿವಿಗಳು ನೆಲಕ್ಕೆ ಉಜ್ಜಿ ಉಜ್ಜಿ ಮುದುಡಿದ್ದವು, ನಡಿಗೆಯಲ್ಲಿ ಇನ್ನೂ ಗತ್ತು ಇತ್ತು. ಸುತ್ತಲ ಹಳ್ಳಿಗಳ ಹುಡುಗರು ಅವರ ತಾಲೀಮಿಗೆ, ಅಂದರೆ ಗರಡಿ ಮನೆಗೆ, ಬಂದು ಕಲಿಯುತ್ತಿದ್ದರು. ಅವರಲ್ಲಿ ಒಬ್ಬನ ಮೇಲೆ ವಸ್ತಾದರಿಗೆ ಹೆಚ್ಚಿನ ಜೀವ. ಹೊಲದ ಕೂಲಿ ಮಾಡುವ ಮನೆಯ ಹುಡುಗ. ಹಾಲು ಬಾದಾಮಿ ತಿನ್ನಿಸುವ ಶಕ್ತಿ ಮನೆಯವರಿಗಿರಲಿಲ್ಲ. ವಸ್ತಾದರು ತಮ್ಮ ಎಮ್ಮೆಯ ಹಾಲು ಕುಡಿಸಿ ಅವನನ್ನು ಪೈಲ್ವಾನ ಮಾಡಿದ್ದರು. ಉದ್ಘಾಟನೆಯ ದಿನದ ಕೊನೆಯ ದೊಡ್ಡ ಕುಸ್ತಿ ಅವನದೇ ಎಂದು ನಿಶ್ಚಯವಾಗಿತ್ತು. ಗೆದ್ದರೆ ಗಡಿಯ ಎರಡೂ ಕಡೆ ಹೆಸರು, ಮುಂದೆ ಹೆಚ್ಚು ಇನಾಮಿನ ಜೋಡಿ ಕುಸ್ತಿಗಳು ಅವನನ್ನು ಹುಡುಕಿಕೊಂಡು ಬರುತ್ತವೆ. ಕೂಲಿಯಿಂದ ಬಿಡುಗಡೆಗೆ ಅವನಿಗಿದ್ದ ದಾರಿ ಅದೊಂದೇ.

ಗುಡ್ಡದ ಕಡೆಯಿಂದ ಕೆಂಪು ಮಣ್ಣು ತರಿಸಿ, ಜರಡಿ ಹಿಡಿಸಿ, ಕಲ್ಲು ಬೇರು ಏನೂ ಉಳಿಯದಂತೆ ಆರಿಸಿದರು. ಅದಕ್ಕೆ ಮಜ್ಜಿಗೆ, ನಿಂಬೆಹಣ್ಣಿನ ರಸ, ಅರಿಶಿನ, ಕಾವಿ, ಎಳ್ಳೆಣ್ಣೆ, ಕರ್ಪೂರ. ಊರ ಮನೆಮನೆಗಳಿಂದ ಕೊಡಗಳಲ್ಲಿ ಮಜ್ಜಿಗೆ ಬಂತು. ಪೈಲ್ವಾನನೇ ಕಾಲಿನಿಂದ ತುಳಿದು ಸಲಿಕೆಯಿಂದ ತಿರುವಿ ಹದ ಮಾಡಿದ. ನಾನು ಪಾವಟಿಗೆಯ ಮೇಲೆ ಕೂತು ನೋಡುತ್ತಿದ್ದೆ. ಸಿಮೆಂಟು ಕಲಸುವವರಲ್ಲಿ ಇಷ್ಟು ಶ್ರದ್ಧೆ ಇದ್ದಿದ್ದರೆ ನನ್ನ ಅರ್ಧ ಆಯುಷ್ಯ ಬೈಗುಳದಲ್ಲಿ ಹೋಗುತ್ತಿರಲಿಲ್ಲ.

ಆ ಮಣ್ಣು ಒಣಗಬಾರದೆಂದು ದಿನಾ ನೀರು ಚಿಮುಕಿಸುತ್ತಿದ್ದರು. ಆ ತೇವಕ್ಕೆ ಗೆದ್ದಲು ಬಂತು. ಆ ಜಾಗದಲ್ಲಿ ಹಿಂದೆ ಜೋಳದ ಕಣಕಿಯ ಬಣವಿಗಳು ಇದ್ದವಂತೆ, ನೆಲದೊಳಗೆ ಗೆದ್ದಲಿನ ಮನೆಯೇ ಇತ್ತು. ಒಂದು ಮುಂಜಾನೆ ಅಖಾಡದ ಅಂಚಿನಲ್ಲಿ ಗೇಣೆತ್ತರದ ಮಣ್ಣಿನ ಗೂಡು ಎದ್ದಿತ್ತು. ವಸ್ತಾದರು ಅದನ್ನು ಕಾಲಿನಿಂದ ಒದ್ದು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದರು.

"ಹುತ್ತ ಎದ್ದರ ಮುಗೀತ್ರಿ ಸಾಹೇಬ್ರ," ಎಂದರು. "ನಾಳೆ ಹೆಣ್ಮಕ್ಕಳು ಹಾಲು ಹಿಡಕೊಂಡ ಬರ್ತಾರ, ಅರಿಶಿನ ಕುಂಕುಮ ಹಾಕ್ತಾರ. ನಾಗಪ್ಪನ ಜಾಗ ಆತು ಅಂದ್ರ ಸಲಿಕಿ ಮುಟ್ಟಸಾಕ ಆಗೂದಿಲ್ಲ. ಆಮ್ಯಾಲ ಅಲ್ಲಿ ಯಾಂವ ಲಂಗೋಟ ಕಟ್ಟತಾನ?"

ಅವರ ಮಾತು ಸುಳ್ಳಲ್ಲ. ಹುತ್ತ ಎದ್ದು ಮನೆ ಕಟ್ಟುವುದನ್ನೇ ಬಿಟ್ಟವರನ್ನು ನಾನು ಕಂಡಿದ್ದೆ. ಮಣ್ಣೆಲ್ಲ ಹೊರಗೆ ತೆಗೆದು, ತಳಕ್ಕೆ ಕಲ್ಲು ಹಾಸಿ ಗಾರೆ ಹಾಕಿ, ಒಣಗಿಸಿ ಮತ್ತೆ ತುಂಬಬೇಕು, ಉದ್ಘಾಟನೆ ಮುಂದೆ ಹಾಕಿ ಎಂದು ಸಮಿತಿಗೆ ಹೇಳಿದೆ. ಕರೆಯೋಲೆ ಹಂಚಿ ಆಗಿದೆ, ದಿನ ಬದಲಿಸುವ ಮಾತೇ ಬೇಡ ಎಂದರು. ಅಂಗಡಿಯಲ್ಲಿ ಸಿಗುವ ಗೆದ್ದಲಿನ ಪುಡಿ ಹಾಕಿಬಿಡಿ ಎಂದು ಅಧ್ಯಕ್ಷರ ಸಲಹೆ. ಅದಕ್ಕೆ ನಾನು ಒಪ್ಪಲಿಲ್ಲ, ವಸ್ತಾದರು ಕೆಂಡವಾದರು.

"ಹುಡುಗರ ಬಾಯಾಗ ಮೂಗಿನ್ಯಾಗ ಹೊಕ್ಕೈತಿ ಈ ಮಣ್ಣ. ವಿಷದಾಗ ಹೆಂಗ ಇಳಸ್ಲಿ ಅವರ್ನ?" ಎಂದರು. ಆಮೇಲೆ ನನ್ನ ಕಡೆ ತಿರುಗಿ ಸ್ವಲ್ಪ ನಕ್ಕರು. "ನೀವರ ಬಸ್ತಿಗೆ ಹೋಗೂ ಮಂದಿ. ಇರಿವಿ ಸತ್ತರ ಉಪಾಸ ಮಾಡಾವ್ರು. ಇದು ನಿಮ್ಮ ಕೆಲಸ ಅಲ್ಲ ಬಿಡ್ರಿ, ನಾ ನೋಡ್ಕೋತೀನಿ."

ನಾವು ಜೈನರು, ನನ್ನ ತಾಯಿ ದೀಪಕ್ಕೆ ಹುಳ ಬಿದ್ದರೂ ಮರುಗುವವಳು, ಆದ್ದರಿಂದ ಆ ಚೇಷ್ಟೆ ನನಗೆ ಹೊಸದಲ್ಲ. ಬಾಗಿಲಿನ ಕಬ್ಬಿಣದ ಕೆಲಸಕ್ಕಾಗಿ ನಾನು ಕೆಲ ದಿನ ರಾಯಬಾಗಕ್ಕೆ ಹೋಗಬೇಕಾಯಿತು. ಮರಳಿ ಬಂದಾಗ ಅಖಾಡದಲ್ಲಿ ಗೆದ್ದಲಿನ ಸುಳಿವಿರಲಿಲ್ಲ. "ಹೋದುವ್ರಿ," ಎಂದರು ವಸ್ತಾದರು. ಮುಖ ಬೆಳಗಿತ್ತು. ಬೇವಿನ ಸೊಪ್ಪೋ ಇನ್ನೇನೋ ಹಾಕಿಸಿರಬೇಕು ಎಂದುಕೊಂಡೆ.

ಉದ್ಘಾಟನೆಯ ದಿನ ಬಿಸಿಲು ಜೋರಾಗಿತ್ತು. ಪಾವಟಿಗೆಗಳಲ್ಲಿ ಒಂದು ಅಂಗುಲ ಜಾಗ ಇರಲಿಲ್ಲ, ಪಡುವಣ ಗೋಡೆ ಅಷ್ಟು ಜನರನ್ನು ಹೊತ್ತು ಅಲುಗಲಿಲ್ಲ. ನನ್ನ ಮಟ್ಟಿಗೆ ನನ್ನ ಕೆಲಸ ಗೆದ್ದಿತ್ತು. ಮಣ್ಣನ್ನು ಮುಂಜಾನೆಯೇ ಆಳವಾಗಿ ಅಗೆದು ತಿರುವಿ ಮೆದು ಮಾಡಿದ್ದರು. ಮೊದಲು ಸಣ್ಣವರ ಜೋಡಿಗಳು ನಡೆದವು, ಎಲ್ಲ ಬೇಗ ಬೇಗ ಮುಗಿದವು. ಆಡಿ ಬಂದವರಲ್ಲಿ ಇಬ್ಬರು ಗೋಡೆಯ ಹಿಂದೆ ಕೂತು ವಾಂತಿ ಮಾಡಿದರು. ಬಿಸಿಲು ಬಡಿದಿದೆ ಎಂದು ನೀರು ಹೊಯ್ದರು.

ಕೊನೆಗೆ ನಮ್ಮ ಪೈಲ್ವಾನ ಇಳಿದ. ಎದುರಾಳಿ ಕೊಲ್ಲಾಪುರ ಕಡೆಯವನು, ತೂಕದಲ್ಲಿ ಹೆಚ್ಚು, ಆದರೆ ಉಸಿರು ಕಡಿಮೆ ಎಂದು ತಿಳಿದವರು ಹೇಳುತ್ತಿದ್ದರು. ಅವನನ್ನು ದಣಿಸುವುದೇ ಲೆಕ್ಕ. ಹಾಗಾಗಿ ನಮ್ಮವನು ಕೆಳಗೆ ಕೂತು, ಮುಖ ಎದೆ ಮಣ್ಣಿಗೆ ಒತ್ತಿ, ಬಹಳ ಹೊತ್ತು ತಡೆದ. ಬೆವರಿಗೆ ಇಡೀ ಮೈ ಕೆಂಪು ರಾಡಿಯಾಗಿತ್ತು. ಮೇಲಿನವನು ಬಸವಳಿದು ಹಿಡಿತ ಸಡಿಲಿಸಿದಾಗ ನಮ್ಮವನು ಎದ್ದು ನಿಂತ. ಈಗ ಎತ್ತಿ ಹೊಡೆಯುತ್ತಾನೆ ಎಂದು ಜನ ಕೂತಲ್ಲಿಂದ ಎದ್ದರು. ಅವನು ಎದುರಾಳಿಯ ಸೊಂಟ ಹಿಡಿದ, ಬಿಟ್ಟ, ಎರಡು ಹೆಜ್ಜೆ ಪಕ್ಕಕ್ಕೆ ಹೋದ, ನೆಲಕ್ಕೆ ಕೈಯೂರಿದ. ಆಮೇಲೆ ತಾನಾಗಿ ಬೆನ್ನ ಮೇಲೆ ಬಿದ್ದ. ಎದುರಾಳಿ ಏನೂ ಮಾಡಿರಲಿಲ್ಲ. ಅವನು ಪಂಚರ ಮುಖ ನೋಡಿದ, ಆಮೇಲೆ ಬಂದು ಬಿದ್ದವನ ಎದೆಯ ಮೇಲೆ ಕೈಯಿಟ್ಟ. ಬೆನ್ನು ಮಣ್ಣಿಗೆ ಹತ್ತಿತು, ಕುಸ್ತಿ ಚಿತ್ ಎಂದು ಪಂಚರು ಕೈ ಎತ್ತಿದರು.

ಆಮೇಲೆ ಎಲ್ಲಿಂದಲೋ "ನೂರಾ" ಎಂಬ ಕೂಗು ಬಂತು. ಒಳಗೊಳಗೇ ಮಾತಾಡಿಕೊಂಡು ಬೇಕೆಂದೇ ಸೋಲುವ ಕುಸ್ತಿಗೆ ಆ ಕಡೆ ನೂರಾ ಎನ್ನುತ್ತಾರೆ. ಪೈಲ್ವಾನನಿಗೆ ಅದಕ್ಕಿಂತ ಹೊಲಸು ಮಾತು ಇಲ್ಲ. ಕೂಗು ಸುತ್ತಲೂ ಹಬ್ಬಿತು, ಚಪ್ಪಲಿಗಳು ಬಿದ್ದವು. ಅವನು ಅಖಾಡದ ಅಂಚಿಗೆ ತೆವಳಿ ಹೋಗಿ ವಾಂತಿ ಮಾಡತೊಡಗಿದ. "ಬೆರಳ ಹಾಕ್ಕೊಂಡ ಕಾರಾಕತ್ತಾನ, ನಾಟಕ," ಎಂದು ನನ್ನ ಪಕ್ಕದವನು ಹೇಳಿದ.

ವಸ್ತಾದರು ಕೆಳಗಿಳಿದು ಬಂದರು. ಶಿಷ್ಯನ ಹತ್ತಿರ ನಿಂತು ಬಹಳ ಹೊತ್ತು ನೋಡಿದರು, ಮಣ್ಣಿನ ಕಡೆಯೂ ನೋಡಿದರು. ಅವನು ಅವರ ಕಾಲು ಮುಟ್ಟಲು ಕೈ ಚಾಚಿದ. ಅವರು ಕಾಲು ಹಿಂದೆ ತೆಗೆದುಕೊಂಡರು.

"ಇವತ್ತಿಂದ ಇಂವ ನನ್ನ ತಾಲೀಮಿನ ಹುಡುಗ ಅಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಮೇಲೆ ಹತ್ತಿ ಹೋದರು.

ಗುರುವೇ ಹಾಗೆಂದ ಮೇಲೆ ಊರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಚಹಾದಂಗಡಿಗೆ ಅವನು ಬಂದರೆ ಮಾತು ನಿಲ್ಲುತ್ತಿತ್ತು. ಮುಂದೆ ಗೊತ್ತಾಗಿದ್ದ ಜೋಡಿಗಳು ಒಂದೊಂದಾಗಿ ಬಿಟ್ಟುಹೋದವು. ನಾನೂ ಮೊದಲು ಅವನು ರೊಕ್ಕ ತಿಂದಿದ್ದಾನೆಂದೇ ನಂಬಿದ್ದೆ, ಯಾಕೆಂದರೆ ಬಿದ್ದದ್ದನ್ನು ನನ್ನ ಕಣ್ಣಾರೆ ಕಂಡಿದ್ದೆ.

ಕೆಲಸ ಒಪ್ಪಿಸುವ ಮೊದಲು ಅಖಾಡದ ನಡುವೆ ಮಣ್ಣು ಕುಸಿದು ತಗ್ಗಾದಂತೆ ಕಂಡಿತು. ಮಟ್ಟ ನೋಡಲು ಬರಿಗಾಲಲ್ಲಿ ಇಳಿದು ಒಂದು ಕಡೆ ಅಗೆದೆ. ಸತ್ತ ಗೆದ್ದಲು ಕೈತುಂಬ ಸಿಕ್ಕವು. ಎರೆಹುಳ ಇಲ್ಲ, ಇರುವೆ ಇಲ್ಲ, ಒಂದು ಜೀವವೂ ಇಲ್ಲ. ಇಷ್ಟನ್ನೆಲ್ಲ ಕೊಂದದ್ದು ಬೇವಿನ ಸೊಪ್ಪಲ್ಲ ಎನಿಸಿತು. ಇನ್ನೂ ಅಗೆದೆ. ಕೆಂಪು ಮಣ್ಣಿನ ಕೆಳಗೆ ಕಂದು ಬಣ್ಣದ ಪದರ, ಅಲ್ಲಲ್ಲಿ ಮೇಲಿನ ಮಣ್ಣಿಗೂ ಬೆರೆತಿತ್ತು. ಮೂಗಿಗೆ ಹಿಡಿದಾಗ ತಂಬಾಕಿನ ಘಾಟು ತಲೆಗೆ ಏರಿತು.

ಮೈದಾನದ ಕಾವಲುಗಾರನನ್ನು ಕೇಳಿದೆ, ಅವನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದು ಅದರಲ್ಲಿ ಇದೆ ಎಂದೇ ಅವನಿಗೆ ಅನಿಸಿರಲಿಲ್ಲ. "ವಸ್ತಾದರ ಗಾಡಿ ಬಂದಿತ್ರಿ, ವಖಾರದ ಕಸದ ಹುಡಿ ಚೀಲ ತುಂಬಕೊಂಡು. ಹೊಲದಾಗ ಗೆದ್ದಲಕ್ಕ ಅದನ್ನ ಹಾಕ್ತೀವಲ್ರಿ. ಔಷಧ ಬ್ಯಾಡ, ಇದು ನಾವ ದಿನಾ ತಿನ್ನೂದು, ಏನ ಆಗತೈತಿ ಅಂದ್ರು."

ಹಸಿ ತಂಬಾಕು ಕೊಯ್ಯಲು ಹೊಸದಾಗಿ ಬಂದವರು ಮೈ ಒದ್ದೆಯಾದರೆ ತಲೆ ತಿರುಗಿ ಕಾರಿಕೊಳ್ಳುವುದು ಆ ಭಾಗದಲ್ಲಿ ಎಲ್ಲರಿಗೂ ಗೊತ್ತು. ಹೊಲದಲ್ಲಿ ಗೊತ್ತಿದ್ದದ್ದು ಅಖಾಡದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬೆವೆತ ಮೈ, ತರಚಿದ ಚರ್ಮ, ಅಷ್ಟು ಹೊತ್ತು ಮಣ್ಣಿಗೆ ಒತ್ತಿದ ಮುಖ. ಕೊಲ್ಲಾಪುರದ ಪೈಲ್ವಾನನನ್ನು ಕರೆತಂದಿದ್ದ ಜೀಪಿನ ಚಾಲಕನನ್ನು ನಿಪ್ಪಾಣಿಯಲ್ಲಿ ಹುಡುಕಿ ಕೇಳಿದೆ. ಗೆದ್ದವನೂ ದಾರಿಯುದ್ದಕ್ಕೂ ವಾಂತಿ ಮಾಡಿದ್ದ.

ನಮ್ಮ ಪೈಲ್ವಾನ ಹಳ್ಳದ ದಂಡೆಯ ತೋಟದಲ್ಲಿ ಕಬ್ಬು ಕಡಿಯುತ್ತಿದ್ದ. ಬದುವಿನ ಮೇಲೆ ಕೂರಿಸಿ ಹೇಳಿದೆ. ಅವನು ಕುಡಗೋಲಿಗೆ ಹತ್ತಿದ್ದ ಕಬ್ಬಿನ ಗರಿಯ ರವದಿ ಬಿಡಿಸುತ್ತ ಕೇಳಿಸಿಕೊಂಡ.

"ಗೊತ್ತೈತ್ರಿ," ಎಂದ. "ಮಣ್ಣಿಗೆ ಮಕಾ ಹಚ್ಚಿದಾಗನ ಗೊತ್ತಾತು. ಸಣ್ಣಾಂವ ಇದ್ದಾಗ ತಂಬಾಕ ಕೊಯ್ಯಾಕ ಹೋಗಿ ಹಿಂಗ ಬಿದ್ದಿದ್ದೆ."

"ಮತ್ತ ಅವತ್ತ ಯಾಕ ಹೇಳಲಿಲ್ಲೋ?"

"ಹೇಳಿದರ ಯಾರ ಹಾಕ್ಯಾರ ಅಂತ ಕೇಳ್ತಾರಲ್ರಿ. ಅಖಾಡದ ಮಣ್ಣು ವಸ್ತಾದರ ಬಿಟ್ಟು ಇನ್ನ್ಯಾರ ಮುಟ್ಟತಾರ?" ಕುಡಗೋಲು ಪಕ್ಕಕ್ಕಿಟ್ಟ. "ಅವರಿಗೆ ಹೇಳಬ್ಯಾಡ್ರಿ ಸಾಹೇಬ್ರ. ನನ್ನ ಒಬ್ಬನ್ನ ಅಲ್ಲ, ಎಷ್ಟ ಹುಡುಗರ್ನ ಅದರಾಗ ಇಳಿಸಿದ್ರು. ತಿಳೀತಂದ್ರ ಎದಿ ಒಡದ ಸಾಯ್ತಾರ. ನಾ ರೊಕ್ಕಾ ತಿಂದೀನಿ ಅಂತ ಸಿಟ್ಟಾಗಿ ಇರ್ಲಿ. ಸಿಟ್ಟಿಲೇ ಮನಷ್ಯಾ ಸಾಯೂದಿಲ್ಲ."

ನನಗೆ ಅವನ ಮೇಲೆ ಸಿಟ್ಟೂ ಬಂತು, ಕಣ್ಣೂ ತುಂಬಿತು. ಆದರೆ ಆ ಮಣ್ಣಿನ ಮೇಲೆ ನಾಳೆ ಮತ್ತೆ ಹುಡುಗರು ಇಳಿಯುತ್ತಾರೆ. ಅದನ್ನು ತೆಗೆಸಬೇಕು, ತೆಗೆಸಲು ವಸ್ತಾದರ ಒಪ್ಪಿಗೆ ಬೇಕು. ಅವನಿಗೆ ಯಾವ ಮಾತೂ ಕೊಡದೆ ಎದ್ದು ಬಂದೆ.

ವಸ್ತಾದರು ತಾಲೀಮಿನಲ್ಲಿ ಒಬ್ಬರೇ ಕೂತು ಮರದ ಗದೆಗೆ ಎಣ್ಣೆ ಹಚ್ಚುತ್ತಿದ್ದರು. ಮೆಲ್ಲಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಹೋಗಿದ್ದೆ. ಅಗೆದದ್ದು, ಕಂದು ಪದರ, ಸತ್ತ ಗೆದ್ದಲು, ಎಲ್ಲ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಅವತ್ತ ಗೊತ್ತಾತ್ರಿ," ಎಂದರು. "ಅಂವ ಕಾರಿಕೊಂಡದ್ದ ನೋಡಿದಾಗನ. ಇಡೀ ಜನ್ಮ ತಂಬಾಕದಾಗ ಕಳದೀನಿ, ನನಗ ತಿಳೀದಿಲ್ಲೇನು?"

"ತಿಳದೂ ಅವನ್ನ ಹೊರಗ ಹಾಕಿದ್ರಿ?"

"ಅಷ್ಟ ಮಂದಿ ಮುಂದ ಏನ ಹೇಳ್ಲಿ ಸಾಹೇಬ್ರ? ವಸ್ತಾದನ ಅಖಾಡಕ್ಕ ವಿಷಾ ಹಾಕ್ಯಾನ ಅಂದ್ರ ಯಾವ ತಾಯಿ ತನ್ನ ಮಗನ್ನ ಈ ಬಾಗಲಾ ದಾಟಸ್ತಾಳ? ಮರುದಿನಾನ ತಾಲೀಮಿಗೆ ಕೀಲಿ ಬೀಳ್ತಿತ್ತು. ಇಲ್ಲಿ ಇಷ್ಟ ಹುಡುಗರದಾರ. ಅಂವ ಒಬ್ಬ ಹೋದ." ಗದೆಯನ್ನು ಗೋಡೆಗೆ ಒರಗಿಸಿದರು. "ಅಂವಗ ಏನೂ ತಿಳದಿಲ್ಲ. ಬಿಸಲಿಗೆ ಬಿದ್ದೆ ಅಂತ ತಿಳಕೊಂಡಾನ. ಹಂಗ ಇರ್ಲಿ. ಮಣ್ಣ ತಗಸ್ರಿ ನೀವು, ತೇವ ಹೆ‍ಚ್ಚಾಗೈತಿ ಅಂತ ಸಮಿತಿಗೆ ನಾ ಹೇಳ್ತೀನಿ."

ಅವನಿಗೆ ನಿಮಗಿಂತ ಮೊದಲೇ ತಿಳಿದಿದೆ ಎಂದು ಹೇಳಲು ಬಾಯಿ ತೆರೆದೆ. ವಸ್ತಾದರು ಅವನಿಗೆ ಹಾಲು ಕೊಡುತ್ತಿದ್ದ, ಈಗ ಮೂಲೆಯಲ್ಲಿ ಖಾಲಿಯಾಗಿದ್ದ ತಂಬಿಗೆಯ ಕಡೆ ನೋಡುತ್ತಿದ್ದರು. ಆ ಮುಖ ನೋಡಿ ಹೇಳಲಾಗಲಿಲ್ಲ. ಹೇಳುವುದನ್ನು ಇವರಿಗಲ್ಲ, ಊರಿಗೇ ಹೇಳಬೇಕು ಎಂದು ಅಲ್ಲಿಯೇ ನಿರ್ಧರಿಸಿದೆ.

ಮಣ್ಣೆಲ್ಲ ತೆಗೆಸಿದೆ. ಬಾವಿಗಳಿಗೆ ದೂರವಾದ, ಬಿತ್ತದೆ ಪಡ ಬಿಟ್ಟ ನೆಲದಲ್ಲಿ ಗುಂಡಿ ತೋಡಿ ಹೂಳಿಸಿದೆ. ತಳಕ್ಕೆ ಕಲ್ಲು ಹಾಸಿ, ಸಂದಿಗೆ ಗಾರೆ ತುಂಬಿ, ಒಣಗಲು ಬಿಟ್ಟು, ಹೊಸ ಮಣ್ಣು ಹಾಕಿಸಿದೆ. ಮೊದಲೇ ಮಾಡಬೇಕೆಂದು ಹೇಳಿದ್ದ ಕೆಲಸವನ್ನೇ ಈಗ ಯಾರೂ ಕೇಳದೆ ಮಾಡಿ ಮುಗಿಸಿದೆ. ಹಳೆಯ ಮಣ್ಣಿನ ಒಂದು ಚೀಲ ಮಾತ್ರ ನನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದೆ. ಪೈಲ್ವಾನನನ್ನು ಕರೆದುಕೊಂಡು ಹೋಗಿ, ಸಮಿತಿಯವರ ಮುಂದೆ ಆ ಚೀಲ ಸುರಿದು, ಅವನ ಮೇಲಿನ ಮಾತನ್ನು ತೊಳೆಯಬೇಕು ಎಂಬುದು ನನ್ನ ತೀರ್ಮಾನ. ವಸ್ತಾದರ ಮಾನ ಹೋದರೆ ಹೋಗಲಿ, ಅವರು ಒಬ್ಬನದನ್ನು ಆಗಲೇ ತೆಗೆದಿದ್ದರು.

ಚೀಲ ಸೈಕಲ್ಲಿಗೆ ಕಟ್ಟಿಕೊಂಡು ತೋಟಕ್ಕೆ ಹೋದೆ. ಅವನು ಗಾಡಿಗೆ ಕಬ್ಬು ಹೇರಿ ಮೇಲೆ ಹಗ್ಗ ಬಿಗಿಯುತ್ತಿದ್ದ. ಮೈ ಇಳಿದಿತ್ತು.

"ನಡಿ, ಅಧ್ಯಕ್ಷರ ಕಡೆ ಹೋಗೂಣು," ಎಂದೆ. "ಎಲ್ಲಾ ಹೇಳೂಣು."

ಅವನು ಚೀಲ ನೋಡಿದ, ಒಳಗೇನಿದೆ ಎಂದು ಕೇಳಲಿಲ್ಲ. ಹಗ್ಗ ಹಿಡಿದ ಕೈ ನಿಂತಿತು.

"ವಸ್ತಾದರಿಗೆ ಹೇಳೀರೇನ್ರಿ?"

ಚಪ್ಪಲಿ ಬೀಳುವಾಗಲೂ ಅವನ ಮುಖದಲ್ಲಿ ಅಷ್ಟು ಹೆದರಿಕೆ ನಾನು ಕಂಡಿರಲಿಲ್ಲ. ಹೌದು ಎಂದರೆ, ಏನಂದರು ಎಂದು ಮುಂದೆ ಕೇಳುತ್ತಾನೆ. ಅದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ, ಎಲ್ಲ ಗೊತ್ತಿದ್ದೇ ಅವನನ್ನು ಹೊರಗೆ ಹಾಕಿದರು ಎಂಬುದು. ಊರು ಅವನಿಂದ ಹೆಸರನ್ನು ಕಿತ್ತುಕೊಂಡಿತ್ತು. ಗುರುವಿನ ಮೇಲೆ ಉಳಿದಿದ್ದ ನಂಬಿಕೆಯನ್ನು ನಾನು ಕಿತ್ತುಕೊಂಡಂತಾಗುತ್ತಿತ್ತು.

"ಇಲ್ಲ," ಎಂದೆ. "ಅವರಿಗೆ ಏನೂ ಗೊತ್ತಿಲ್ಲ."

"ಛಲೋ ಮಾಡಿದ್ರಿ," ಎಂದು ಅವನು ಉಸಿರು ಬಿಟ್ಟ. ಹಗ್ಗ ಜಗ್ಗಿ ಗಂಟು ಹಾಕಿ, ನೊಗದ ಕಡೆ ನಡೆಯುತ್ತ ತಿರುಗಿ ಕೇಳಿದ: "ಈಗರ ಸರಿಯಾಗಿ ಉಣ್ಣಾಕತ್ತಾರೇನ್ರಿ ಅವರು? ಅವತ್ತಿಂದ ಊಟ ಬಿಟ್ಟಾರ ಅಂತ ಕೇಳಿದ್ದೆ."

ಉಣ್ಣುತ್ತಿದ್ದಾರೆ ಎಂದೆ, ಅಧ್ಯಕ್ಷರ ಮಾತು ಮತ್ತೆ ಎತ್ತಲಿಲ್ಲ. ಅವನು ತಲೆಯಾಡಿಸಿ ಗಾಡಿ ಹೊಡೆದುಕೊಂಡು ಹೋದ.